ಮೂರು ಡೋಸ್ ಆದರೆ ಮುಗಿಯಿತೇ? ಹೆಪಟೈಟಿಸ್ ಬಿ ಲಸಿಕೆಯ ವೇಳಾಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ

ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಳ್ಳಲು ಹೊರಟವರು ಮೊದಲು ಕೇಳುವುದು ಯಾವ ಕಂಪನಿಯದ್ದು ಒಳ್ಳೆಯದು ಅಂತ. ಉತ್ತರ ಚಿಕ್ಕದು: ಯಾವುದಾದರೂ ನಡೆಯುತ್ತದೆ. ಪುಣೆಯ ಸೀರಂ ಇನ್‌ಸ್ಟಿಟ್ಯೂಟಿನ ಜೀನ್‌ವ್ಯಾಕ್-ಬಿ, 1997ರಲ್ಲಿ ಭಾರತದ ಮೊದಲ ರೀಕಾಂಬಿನೆಂಟ್ ಹೆಪಟೈಟಿಸ್ ಬಿ ಲಸಿಕೆಯಾಗಿ ಹೈದರಾಬಾದಿನಿಂದ ಬಂದ ಶಾನ್‌ವ್ಯಾಕ್-ಬಿ, ಭಾರತ್ ಬಯೋಟೆಕ್‌ನ ರಿವ್ಯಾಕ್-ಬಿ, ಬಯೋಲಾಜಿಕಲ್ ಇ ಕಂಪನಿಯ ಬೆವ್ಯಾಕ್, ಜಿಎಸ್‌ಕೆಯ ಎಂಜೆರಿಕ್ಸ್-ಬಿ, ಎಲ್ಲವೂ ಒಂದೇ ಜಾತಿಯವು. ವೈರಸ್ಸಿನ ಹೊರಕವಚದ ಪ್ರೋಟೀನನ್ನು ಯೀಸ್ಟ್‌ನಲ್ಲಿ ಬೆಳೆಸಿ, ಅಲ್ಯೂಮಿನಿಯಂ ಲವಣಕ್ಕೆ ಅಂಟಿಸಿ ಕೊಡುತ್ತಾರೆ. ದೊಡ್ಡವರಿಗೆ 1 ಮಿಲಿಯಲ್ಲಿ 20 ಮೈಕ್ರೋಗ್ರಾಂ, ಮಕ್ಕಳಿಗೆ ಅರ್ಧ ಮಿಲಿಯಲ್ಲಿ 10 ಮೈಕ್ರೋಗ್ರಾಂ. ಮೊದಲ ಡೋಸ್ ಒಂದು ಕಂಪನಿಯದ್ದು, ಎರಡನೆಯದು ಇನ್ನೊಂದರದ್ದು ಆದರೂ ಲೆಕ್ಕ ಕೆಡುವುದಿಲ್ಲ. ಅದೇ ಬ್ರ್ಯಾಂಡ್ ಸಿಗಲಿಲ್ಲ ಎಂದು ಡೋಸ್ ಮುಂದೂಡುವುದು ಮಾತ್ರ ನಷ್ಟ.

ನಿಜವಾದ ವ್ಯತ್ಯಾಸ ಇರುವುದು ವೇಳಾಪಟ್ಟಿಯಲ್ಲಿ. ಒಂದೇ ಬಾಟಲಿಯ ಮದ್ದನ್ನು ಯಾವ ಅಂತರದಲ್ಲಿ, ಎಷ್ಟು ಪ್ರಮಾಣದಲ್ಲಿ, ಎಷ್ಟು ಸಲ ಕೊಟ್ಟಿರಿ ಎನ್ನುವುದರ ಮೇಲೆ ಫಲ ಬದಲಾಗುತ್ತದೆ. ಆರೋಗ್ಯವಂತ ಇಪ್ಪತ್ತೈದರ ನರ್ಸಿಂಗ್ ವಿದ್ಯಾರ್ಥಿನಿಗೂ, ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಮಲಗುವ ಅರವತ್ತರ ಹಿರಿಯರಿಗೂ ಒಂದೇ ಪಟ್ಟಿ ಹಿಡಿದರೆ ಒಬ್ಬರಿಗೆ ಸಾಕಾಗುತ್ತದೆ, ಇನ್ನೊಬ್ಬರಿಗೆ ಸಾಕಾಗುವುದಿಲ್ಲ. ಆದರೆ ಇಬ್ಬರ ಕಾರ್ಡಿನಲ್ಲೂ ಮೂರು ಟಿಕ್ ಬಿದ್ದಿರುತ್ತವೆ.

ಅಳತೆಗೋಲು ಒಂದೇ. ಲಸಿಕೆ ಕೆಲಸ ಮಾಡಿದೆಯೇ ಎಂದು ಹೇಳುವುದು ರಕ್ಷಣೆ ಕೊಡುವ ಪ್ರತಿಕಾಯವನ್ನು ಅಳೆಯುವ ಆಂಟಿ-ಎಚ್‌ಬಿಎಸ್ ಎಂಬ ರಕ್ತಪರೀಕ್ಷೆ, ಆಸ್ಪತ್ರೆಯ ಮಾತಿನಲ್ಲಿ 'ಟೈಟರ್'. ಕೊನೆಯ ಡೋಸ್ ಆದ ಒಂದರಿಂದ ಎರಡು ತಿಂಗಳೊಳಗೆ ಮಾಡಿದಾಗ ಮಿಲಿಲೀಟರಿಗೆ 10 ಮಿಲಿ-ಯೂನಿಟ್ ಅಥವಾ ಅದಕ್ಕಿಂತ ಹೆಚ್ಚು ಬಂದರೆ ರಕ್ಷಣೆ ಸಿಕ್ಕಿದೆ ಎಂದರ್ಥ. ಮುಂದೆ ಬರುವ ಪ್ರತಿಶತಗಳೆಲ್ಲ ಈ 10ರ ಗೆರೆ ದಾಟಿದವರ ಲೆಕ್ಕ.

0-1-6: ಹಳೆಯದು, ಗಟ್ಟಿಯದು, ಆದರೆ ತಾಳ್ಮೆ ಬೇಕು

ಇವತ್ತು ಒಂದು, ತಿಂಗಳಿಗೆ ಇನ್ನೊಂದು, ಆರನೆಯ ತಿಂಗಳಿಗೆ ಮತ್ತೊಂದು. ನಲವತ್ತರೊಳಗಿನ ಆರೋಗ್ಯವಂತರಿಗೆ ಇದನ್ನು ಮೀರಿಸುವ ಸಾಧಾರಣ ಪಟ್ಟಿ ಇಲ್ಲ. ಮೊದಲ ಡೋಸ್ ನಂತರ ಗೆರೆ ದಾಟುವವರು ಶೇ 30ರಿಂದ 55, ಎರಡನೆಯದರ ನಂತರ ಶೇ 75ರ ಆಸುಪಾಸು, ಮೂರನೆಯದರ ನಂತರ ಶೇ 90ಕ್ಕೂ ಮೇಲೆ. ಎಂಜೆರಿಕ್ಸ್-ಬಿ ಜೊತೆ ಬರುವ ಮಾಹಿತಿಪತ್ರದಲ್ಲಿ ಏಳನೆಯ ತಿಂಗಳಿನ ಅಂಕಿ ಶೇ 96 ಅಥವಾ ಹೆಚ್ಚು ಎಂದಿದೆ. ವಯಸ್ಸು ನಲವತ್ತು ದಾಟಿದಂತೆ ಇದು ಇಳಿಯುತ್ತದೆ. ಅರವತ್ತರ ಹೊತ್ತಿಗೆ ನಾಲ್ವರಲ್ಲಿ ಮೂವರಿಗೆ ಮಾತ್ರ ಫಲ. ಬೊಜ್ಜು, ಧೂಮಪಾನ, ಸಕ್ಕರೆ ಕಾಯಿಲೆ, ಇವೆಲ್ಲ ಇನ್ನಷ್ಟು ಎಳೆಯುತ್ತವೆ.

ಈ ಪಟ್ಟಿಯ ದೌರ್ಬಲ್ಯ ಅದರ ವಿಜ್ಞಾನದಲ್ಲಿಲ್ಲ, ಎರಡು ಮತ್ತು ಮೂರನೆಯ ಡೋಸಿನ ನಡುವಿನ ಐದು ತಿಂಗಳ ಖಾಲಿಯಲ್ಲಿದೆ. ಮೊದಲೆರಡು ಡೋಸ್ ಶಿಬಿರದ ಹುರುಪಿನಲ್ಲಿ ಆಗಿಬಿಡುತ್ತವೆ. ಮೂರನೆಯದರ ಹೊತ್ತಿಗೆ ಶಿಬಿರ ನಡೆಸಿದವರು ವರ್ಗವಾಗಿರುತ್ತಾರೆ, ವಿದ್ಯಾರ್ಥಿಗಳು ಪರೀಕ್ಷೆಗೆ ಹೋಗಿರುತ್ತಾರೆ, ಹೊರಗುತ್ತಿಗೆಯ ಸ್ವಚ್ಛತಾ ಸಿಬ್ಬಂದಿಯ ಟೆಂಡರ್ ಬದಲಾಗಿರುತ್ತದೆ. ಮೂರನೆಯ ಡೋಸ್ ಬರೀ ಬೂಸ್ಟರ್ ತಾನೇ, ಎರಡಾದರೆ ಸಾಕು ಎನ್ನುವವರೂ ಇದ್ದಾರೆ. ಸಾಲದು. ಪ್ರತಿಕಾಯದ ಮಟ್ಟವನ್ನು ಹತ್ತಾರು ಪಟ್ಟು ಏರಿಸಿ ವರ್ಷಗಟ್ಟಲೆ ಉಳಿಸುವುದೇ ಆ ಮೂರನೆಯದು.

ತಡವಾದರೆ ಮೊದಲಿನಿಂದ ಶುರು ಮಾಡಬೇಕೇ? ಬೇಡ. ಎರಡನೆಯದು ತಪ್ಪಿದ್ದರೆ ಕೂಡಲೇ ಕೊಟ್ಟು, ಮೂರನೆಯದಕ್ಕೆ ಕನಿಷ್ಠ ಎಂಟು ವಾರ ಬಿಡಿ. ಮೂರನೆಯದೊಂದೇ ತಪ್ಪಿದ್ದರೆ ಎರಡು ವರ್ಷ ಕಳೆದಿದ್ದರೂ ಅದೊಂದನ್ನು ಕೊಟ್ಟರೆ ಮುಗಿಯಿತು. ಇದು ಗೊತ್ತಿಲ್ಲದೆ ಮೂರೂ ಡೋಸ್ ಮತ್ತೆ ಹಾಕುವ ಕ್ಲಿನಿಕ್‌ಗಳಿವೆ. ದುಡ್ಡು ದಂಡ, ತೋಳು ನೋವು ಬೇರೆ. ಮೂರೇ ಡೋಸಿನ ಪಟ್ಟಿಯಲ್ಲಿ ಪಾಲಿಸಲೇಬೇಕಾದ ಕನಿಷ್ಠ ಅಂತರಗಳು ಇಷ್ಟೇ: ಒಂದರಿಂದ ಎರಡಕ್ಕೆ ನಾಲ್ಕು ವಾರ, ಎರಡರಿಂದ ಮೂರಕ್ಕೆ ಎಂಟು ವಾರ, ಒಂದರಿಂದ ಮೂರಕ್ಕೆ ಹದಿನಾರು ವಾರ. ಇದಕ್ಕಿಂತ ಬೇಗ ಕೊಟ್ಟ ಡೋಸ್ ಲೆಕ್ಕಕ್ಕಿಲ್ಲ.

ಈ ಕನಿಷ್ಠ ಅಂತರಗಳಿಂದಲೇ ಹುಟ್ಟುವ ಇನ್ನೊಂದು ಪಟ್ಟಿ 0-1-4. ನಮ್ಮಲ್ಲಿ ಇದರ ಹೆಸರೆತ್ತುವವರೇ ಕಡಿಮೆ. ಅಮೆರಿಕದ ಲಸಿಕಾ ಸಲಹಾ ಸಮಿತಿ 0-1-4 ಮತ್ತು 0-2-4 ಎರಡನ್ನೂ 0-1-6ಕ್ಕೆ ಸರಿಸಮ ಎಂದು ಒಪ್ಪಿದೆ. ಗುತ್ತಿಗೆ ಸಿಬ್ಬಂದಿ, ಆಸ್ಪತ್ರೆಯ ಕಸ ಸಾಗಿಸುವವರು, ಆಂಬುಲೆನ್ಸ್ ಚಾಲಕರು, ಒಂದೇ ಸೆಮಿಸ್ಟರ್‌ನಲ್ಲಿ ಮುಗಿಸಬೇಕಾದ ಲ್ಯಾಬ್ ಟೆಕ್ನಿಷಿಯನ್ ತರಗತಿ, ಇಂಥ ಕಡೆ ನಮ್ಮ ಮೊದಲ ಆಯ್ಕೆ ಇದೇ. ಎರಡು ತಿಂಗಳು ಉಳಿಯುತ್ತದೆ, ಹೆಚ್ಚುವರಿ ಡೋಸ್ ಬೇಕಿಲ್ಲ, ಜನ ಕೈಗೆ ಸಿಗುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ.

ಅವಸರದ ಪಟ್ಟಿಗಳು: 0-1-2-12 ಮತ್ತು 0-7-21

0-1-2 ತಿಂಗಳ ಪಟ್ಟಿಗೆ ಹನ್ನೆರಡನೆಯ ತಿಂಗಳಲ್ಲಿ ನಾಲ್ಕನೆಯ ಡೋಸ್ ಇದೆ. ಮೊದಲ ತಿಂಗಳಲ್ಲಿ ಶೇ 15, ಮೂರನೆಯ ತಿಂಗಳಿಗೆ ಶೇ 89, ಹದಿಮೂರನೆಯ ತಿಂಗಳಿಗೆ ಶೇ 95.8 ಎಂಬುದು ಎಂಜೆರಿಕ್ಸ್-ಬಿಯ ಮಾಹಿತಿಪತ್ರದ ಅಂಕಿ. ಬೇಗ ರಕ್ಷಣೆ ಬೇಕಾದವರಿಗೆ, ಅಂದರೆ ಸೋಂಕಿರುವವರ ಗಂಡ ಅಥವಾ ಹೆಂಡತಿ, ಅದೇ ಮನೆಯಲ್ಲಿರುವವರು, ಸೂಜಿ ಚುಚ್ಚಿಸಿಕೊಂಡವರು, ಇದು ಒಳ್ಳೆಯ ಪಟ್ಟಿ. ಬ್ರಿಟನ್ನಿನಲ್ಲಿ ಅಪಾಯ ಹೆಚ್ಚಿರುವವರಿಗೆ ಇದನ್ನೇ ಹೆಚ್ಚಾಗಿ ಬಳಸುತ್ತಾರೆ. ತೊಡಕು ಒಂದೇ: ಮೂರು ಮುಗಿದ ಖುಷಿಯಲ್ಲಿ ಹನ್ನೆರಡನೆಯ ತಿಂಗಳಿನದು ಮರೆತುಹೋಗುತ್ತದೆ. ಕಾರ್ಡಿನಲ್ಲಿ ನಾಲ್ಕನೆಯ ಚೌಕವೇ ಇರುವುದಿಲ್ಲವಾದ್ದರಿಂದ ದಿನಾಂಕವನ್ನು ಪೆನ್ನಿನಲ್ಲಿ ಬರೆದು ಕೊಡುವುದು ವಾಸಿ.

0-7-21 ದಿನಗಳ ಪಟ್ಟಿ ಇನ್ನೂ ಧಾವಂತದ್ದು. ಮೂರು ವಾರದಲ್ಲಿ ಮೂರು ಡೋಸ್, ಹನ್ನೆರಡನೆಯ ತಿಂಗಳಿಗೆ ನಾಲ್ಕನೆಯದು. ಮೂರನೆಯ ಡೋಸಿನ ಒಂದು ವಾರದ ನಂತರ ಶೇ 65, ಒಂದು ತಿಂಗಳ ನಂತರ ಶೇ 76, ನಾಲ್ಕನೆಯ ಡೋಸಾದ ಮೇಲೆ ಶೇ 98.6. ಮೂರು ಡೋಸಾದರೂ ನಾಲ್ವರಲ್ಲಿ ಒಬ್ಬರು ಗೆರೆಯ ಕೆಳಗೇ ಇರುತ್ತಾರೆ ಎನ್ನುವುದನ್ನು ಈ ಅಂಕಿಗಳೇ ಹೇಳುತ್ತವೆ. ಹದಿನೆಂಟು ದಾಟಿದವರಿಗೆ ಮಾತ್ರ, ಅದೂ ನಿಜವಾಗಿ ಸಮಯವಿಲ್ಲದಾಗ ಮಾತ್ರ. ಬಹುತೇಕ ಸರಿಯಾಗಿ ಹೊಂದುವ ಗುಂಪೊಂದಿದೆ: ಸೂಜಿಯಲ್ಲಿ ಮಾದಕವಸ್ತು ತೆಗೆದುಕೊಳ್ಳುವವರು. ಆರು ತಿಂಗಳ ನಂತರ ಅದೇ ವ್ಯಕ್ತಿ ಅದೇ ಕೇಂದ್ರಕ್ಕೆ ಬರುತ್ತಾನೆಂಬ ಭರವಸೆ ಇಲ್ಲದ ಕಡೆ, ಮೂರು ವಾರದಲ್ಲಿ ಮೂರು ಡೋಸ್ ಒಳಗೆ ಹೋಗುವುದೇ ದೊಡ್ಡದು. ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲಿ ಇವರಿಗೆ ತ್ವರಿತ ಪಟ್ಟಿಯನ್ನು ಶಿಫಾರಸು ಮಾಡಿದ್ದು ಇದೇ ಕಾರಣಕ್ಕೆ. ಮುಂದಿನ ವಾರ ಕೊಲ್ಲಿಗೆ ಹೊರಟ ಆರೋಗ್ಯವಂತ ನೌಕರನಿಗೆ ಇದನ್ನು ಮಾರುವ ಪ್ರವಾಸಿ ಕ್ಲಿನಿಕ್‌ಗಳು ನಾಲ್ಕನೆಯ ಡೋಸಿನ ಮಾತನ್ನು ಸಣ್ಣ ಅಕ್ಷರದಲ್ಲಿ ಇಡುವುದುಂಟು. ಅದಿಲ್ಲದಿದ್ದರೆ ಈ ಪಟ್ಟಿ ಅರ್ಧಕ್ಕೇ ನಿಂತಂತೆ.

ಎರಡೇ ಡೋಸಿನಲ್ಲಿ ಮುಗಿಸುವ ಲಸಿಕೆಯೂ ಇದೆ. ಹೆಪ್ಲಿಸಾವ್-ಬಿ ಎಂದು ಹೆಸರು, 2017ರ ನವೆಂಬರಿನಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್. ಅಲ್ಯೂಮಿನಿಯಂ ಬದಲಿಗೆ ಸಿಪಿಜಿ 1018 ಎಂಬ ಬೇರೆ ಪ್ರಚೋದಕ. ಎಚ್‌ಐವಿ ಇದ್ದು ಹಳೆಯ ಲಸಿಕೆಗೆ ಜಗ್ಗದವರ ಮೇಲೆ ನಡೆದ ಬೀ-ಹೈವ್ ಪ್ರಯೋಗದಲ್ಲಿ ಎರಡು ಡೋಸಿಗೆ ಶೇ 93, ಮೂರು ಡೋಸಿಗೆ ಶೇ 99 ಮಂದಿ ಗೆರೆ ದಾಟಿದರು. ಸಾಮಾನ್ಯ ಲಸಿಕೆಯ ಮೂರು ಡೋಸ್ ಮತ್ತೆ ಪಡೆದ ಗುಂಪಿನಲ್ಲಿ ಶೇ 81. ಅಂಕಿ ನೋಡಿದರೆ ಇದನ್ನು ಮೀರಿಸಿದ್ದಿಲ್ಲ. ಆದರೆ ನಮ್ಮ ಊರಿನ ಔಷಧದಂಗಡಿಯಲ್ಲಿ ಕೇಳಿದೊಡನೆ ಸಿಗುವ ಸರಕಲ್ಲ. ಅಮೆರಿಕದಲ್ಲಿರುವ ಕನ್ನಡಿಗರು ಅಲ್ಲಿ ಒಂದು ಡೋಸ್ ಹಾಕಿಸಿಕೊಂಡು, ಎರಡನೆಯದಕ್ಕೆ ಇಲ್ಲಿ ರಜೆಗೆ ಬಂದಾಗ ನೋಡೋಣ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ಎರಡೂ ಡೋಸ್ ಅದೇ ಲಸಿಕೆಯದಾಗಿದ್ದರೆ ಮಾತ್ರ ಎರಡಕ್ಕೆ ಮುಗಿಯುತ್ತದೆ. ಬೆರೆಸಿದರೆ ಒಟ್ಟು ಮೂರು ಬೇಕು.

ಡಯಾಲಿಸಿಸ್ ರೋಗಿಗಳು: ಇಲ್ಲಿ ಸಾಧಾರಣ ಪಟ್ಟಿ ಸೋಲುತ್ತದೆ

ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದ ಕಲೆಯಲ್ಲಿ ಕನಿಷ್ಠ ಏಳು ದಿನ ಬದುಕಿರಬಲ್ಲದು. ಡಯಾಲಿಸಿಸ್ ಕೋಣೆಯಲ್ಲಿ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಯಂತ್ರದ ಗುಂಡಿ, ಕ್ಲಾಂಪ್, ಗ್ಲೌಸ್ ಬದಲಿಸದ ಕೈ, ಎಲ್ಲವೂ ದಾರಿ. ಹಾಗಾಗಿಯೇ ಸೋಂಕಿರುವವರಿಗೆ ಬೇರೆ ಯಂತ್ರ. ಆದರೆ ಮೂತ್ರಪಿಂಡ ಸೋತ ದೇಹ ಲಸಿಕೆಗೆ ಸೋಮಾರಿಯಾಗಿ ಉತ್ತರಿಸುತ್ತದೆ. ಸಾಧಾರಣ ಡೋಸಿನಲ್ಲಿ ರಕ್ಷಣೆ ಸಿಗುವವರ ಪ್ರಮಾಣ ಆರೋಗ್ಯವಂತರಿಗಿಂತ ಬಹಳ ಕಡಿಮೆ.

ಆದ್ದರಿಂದ ಇವರಿಗೆ ದುಪ್ಪಟ್ಟು ಡೋಸ್, ನಾಲ್ಕು ಸಲ: 40 ಮೈಕ್ರೋಗ್ರಾಂ, 0-1-2-6 ತಿಂಗಳಿಗೆ. ನಮ್ಮಲ್ಲಿ ಸಿಗುವ 20 ಮೈಕ್ರೋಗ್ರಾಂ ಬಾಟಲಿಯಾದರೆ ಪ್ರತಿ ಸಲ 2 ಮಿಲಿ. ಅಮೆರಿಕದ ರೀಕಾಂಬಿವ್ಯಾಕ್ಸ್ ಡಯಾಲಿಸಿಸ್ ಬಾಟಲಿಯಲ್ಲಿ 1 ಮಿಲಿಗೇ 40 ಮೈಕ್ರೋಗ್ರಾಂ ಇರುತ್ತದೆ, ಅದನ್ನು 0-1-6ಕ್ಕೆ ಮೂರು ಸಲ ಕೊಡುತ್ತಾರೆ. ಈ ಎರಡು ಪಟ್ಟಿಗಳನ್ನು ಬೆರೆಸಿ, ಇಲ್ಲಿನ ಮದ್ದನ್ನು 1 ಮಿಲಿಯಂತೆ 0-1-6ಕ್ಕೆ ಕೊಟ್ಟು 'ಡಯಾಲಿಸಿಸ್ ಪಟ್ಟಿ ಮುಗಿಯಿತು' ಎಂದು ಫೈಲಿಗೆ ಬರೆದುಬಿಡುವುದು ಮಾಮೂಲಿ ತಪ್ಪು. ರೋಗಿಗೆ ಹೋಗಬೇಕಾದ 160 ಮೈಕ್ರೋಗ್ರಾಂನಲ್ಲಿ 60 ಮಾತ್ರ ಹೋಗಿರುತ್ತದೆ. ಬಾಟಲಿಯ ಮೇಲೆ ಮಿಲಿ ಓದಬೇಡಿ, ಮೈಕ್ರೋಗ್ರಾಂ ಓದಿ.

ಕೊಡುವ ಬಗೆಯಲ್ಲೂ ಸೂಕ್ಷ್ಮವಿದೆ. 2 ಮಿಲಿಯನ್ನು ಎರಡು ಭಾಗ ಮಾಡಿ ಎರಡು ತೋಳಿಗೆ ಕೊಡುವುದು ರೂಢಿ, ಆದರೆ ಫಿಸ್ಟುಲಾ (ಡಯಾಲಿಸಿಸ್‌ಗೆಂದು ಜೋಡಿಸಿದ ರಕ್ತನಾಳ) ಇರುವ ತೋಳನ್ನು ಮುಟ್ಟುವಂತಿಲ್ಲ. ಆಗ ಇನ್ನೊಂದು ತೋಳಿನ ಡೆಲ್ಟಾಯ್ಡ್ ಸ್ನಾಯುವಿಗೇ ಒಂದಿಂಚು ದೂರದಲ್ಲಿ ಎರಡು ಚುಚ್ಚು. ರಕ್ತ ಹೆಪ್ಪುಗಟ್ಟದಂತೆ ಡಯಾಲಿಸಿಸ್‌ನಲ್ಲಿ ಕೊಡುವ ಹೆಪಾರಿನ್ ಪ್ರಭಾವ ಇರುವಾಗ ಸ್ನಾಯುವಿಗೆ ಚುಚ್ಚಿದರೆ ಒಳಗೆ ರಕ್ತ ಕಟ್ಟಿ ಊದಿಕೊಳ್ಳುತ್ತದೆ, ಡಯಾಲಿಸಿಸ್ ಇಲ್ಲದ ದಿನ ಕರೆಯುವುದು ಒಳ್ಳೆಯದು. ದೂರದ ಹಳ್ಳಿಯಿಂದ ಬಸ್ಸಿನಲ್ಲಿ ಬರುವವರನ್ನು ಇದಕ್ಕೆಂದೇ ಇನ್ನೊಂದು ದಿನ ಕರೆಯಲಾಗದಿದ್ದರೆ 23 ಗೇಜಿನ ಸಣ್ಣ ಸೂಜಿ ಬಳಸಿ, ಎರಡು ನಿಮಿಷ ಒತ್ತಿ ಹಿಡಿಯಿರಿ, ಉಜ್ಜಬೇಡಿ.

ಇನ್ನೊಂದು ಎಡವಟ್ಟು ಲಸಿಕೆಯ ದಿನಕ್ಕಿಂತ ಪರೀಕ್ಷೆಯ ದಿನಕ್ಕೆ ಸೇರಿದ್ದು. ಚುಚ್ಚಿದ ಲಸಿಕೆಯಲ್ಲಿರುವುದೇ ಎಚ್‌ಬಿಎಸ್‌ಎಜಿ, ಅಂದರೆ ಸೋಂಕು ಪತ್ತೆಗೆ ರಕ್ತದಲ್ಲಿ ಹುಡುಕುವ ವೈರಸ್ಸಿನ ಹೊರಕವಚದ ಪ್ರೋಟೀನ್. ಅದು ಕೆಲವರ ರಕ್ತದಲ್ಲಿ ಸುಮಾರು ಮೂರು ವಾರದವರೆಗೆ ಉಳಿದು, ತಿಂಗಳ ಮಾಮೂಲಿ ತಪಾಸಣೆಯಲ್ಲಿ ಪಾಸಿಟಿವ್ ತೋರಿಸಿಬಿಡುತ್ತದೆ. ಆ ಒಂದು ಕಾಗದ ನೋಡಿ ರೋಗಿಯನ್ನು ಸೋಂಕಿನವರ ಯಂತ್ರಕ್ಕೆ ದಬ್ಬಿದರೆ, ಇಲ್ಲದ ಕಾಯಿಲೆಯನ್ನು ಕರೆದು ಅಂಟಿಸಿದಂತೆ. ಡೋಸ್ ಕೊಟ್ಟ ನಾಲ್ಕು ವಾರ ಈ ಪರೀಕ್ಷೆ ಬೇಡ. ತಪಾಸಣೆಯ ರಕ್ತ ಮೊದಲು, ಚುಚ್ಚುಮದ್ದು ಆಮೇಲೆ, ಒಂದೇ ಭೇಟಿಯಲ್ಲಿ ಎರಡೂ ಆಗುತ್ತವೆ.

ನಾಲ್ಕನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ಟೈಟರ್ ಕಡ್ಡಾಯ. ಆಮೇಲೆ ವರ್ಷಕ್ಕೊಮ್ಮೆ. 10ಕ್ಕಿಂತ ಕೆಳಗಿಳಿದ ದಿನವೇ ಬೂಸ್ಟರ್. ಆರೋಗ್ಯವಂತರಿಗೆ ಈ ವಾರ್ಷಿಕ ಪರೀಕ್ಷೆ ಬೇಡ, ಅವರ ದೇಹ ನೆನಪಿಟ್ಟುಕೊಂಡಿರುತ್ತದೆ. ಡಯಾಲಿಸಿಸ್ ರೋಗಿಯ ಆ ನೆನಪನ್ನು ನಂಬುವಂತಿಲ್ಲ.

ಇಷ್ಟೆಲ್ಲ ಕಸರತ್ತಿಗಿಂತ ಸುಲಭದ ದಾರಿ ಇನ್ನೊಂದಿದೆ. ಮೂತ್ರಪಿಂಡದ ಕಾಯಿಲೆ ಗೊತ್ತಾದ ಮೊದಲ ಹಂತದಲ್ಲೇ, ಡಯಾಲಿಸಿಸ್ ಇನ್ನೂ ದೂರವಿರುವಾಗಲೇ ಲಸಿಕೆ ಶುರು ಮಾಡುವುದು. ಆಗ ದೇಹ ಚೆನ್ನಾಗಿ ಸ್ಪಂದಿಸುತ್ತದೆ. ಕ್ರಿಯಾಟಿನಿನ್ (ಮೂತ್ರಪಿಂಡ ಸೋಲುತ್ತಿರುವುದನ್ನು ತೋರಿಸುವ ರಕ್ತದ ಅಂಕಿ) ಏರುತ್ತಿರುವುದನ್ನು ವರ್ಷಗಟ್ಟಲೆ ನೋಡುತ್ತಾ ಬಂದು, ಫಿಸ್ಟುಲಾ ಹಾಕುವ ವಾರ ಲಸಿಕೆಯನ್ನು ನೆನಪಿಸಿಕೊಳ್ಳುವ ನಮ್ಮ ಪದ್ಧತಿಗೆ ಯಾವ ಪಟ್ಟಿಯೂ ಔಷಧವಲ್ಲ.

ಎಚ್‌ಐವಿ ಇರುವವರಿಗೂ ಹೆಚ್ಚುಕಡಿಮೆ ಇದೇ ತರ್ಕ. ಫ್ರಾನ್ಸಿನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 20 ಮೈಕ್ರೋಗ್ರಾಂನ ಮೂರು ಡೋಸಿಗೆ ಶೇ 65 ಮಂದಿ ಸ್ಪಂದಿಸಿದರೆ, 40 ಮೈಕ್ರೋಗ್ರಾಂನ ನಾಲ್ಕು ಡೋಸಿಗೆ, 0-4-8-24 ವಾರಗಳ ಪಟ್ಟಿಯಲ್ಲಿ, ಶೇ 82. ಹದಿನೇಳು ಅಂಕದ ಈ ಅಂತರಕ್ಕೆ ಬೀಳುವ ಖರ್ಚು ಐದು ಬಾಟಲಿ ಹೆಚ್ಚು ಮದ್ದು. ಕೊಡಬಹುದಾದ ಬೆಲೆಯೇ. ರೋಗನಿರೋಧಕ ಕಣಗಳ ಎಣಿಕೆಯಾದ ಸಿಡಿ4 ಏರಲಿ ಎಂದು ಕಾಯುತ್ತಾ ಕೂರುವುದಕ್ಕಿಂತ ಈಗಲೇ ಶುರು ಮಾಡಿ, ಕೊನೆಗೆ ಟೈಟರ್ ನೋಡುವುದು ಸರಿ. ಸಿರೋಸಿಸ್ (ಯಕೃತ್ತು ಗಟ್ಟಿಯಾಗುವ ಕಾಯಿಲೆ) ಇರುವವರಿಗೆ, ಅಂಗ ಕಸಿಗೆ ಕಾಯುತ್ತಿರುವವರಿಗೆ ಕೂಡ ದುಪ್ಪಟ್ಟು ಡೋಸನ್ನೇ ಹೆಚ್ಚಿನ ತಜ್ಞರು ಆರಿಸುತ್ತಾರೆ. ಕೀಮೋ ಶುರುವಾಗುವವರಲ್ಲಿ ಮೊದಲ ಕೆಲಸ ಲಸಿಕೆಯಲ್ಲ, ಸೋಂಕು ಈಗಾಗಲೇ ಒಳಗಿದೆಯೇ ಎಂಬ ಪರೀಕ್ಷೆ. ಮಲಗಿದ್ದ ವೈರಸ್ ಕೀಮೋದಲ್ಲಿ ಎದ್ದು ಯಕೃತ್ತನ್ನು ಕೆಡಿಸಬಲ್ಲದು.

ಆಸ್ಪತ್ರೆ ಸಿಬ್ಬಂದಿ: ನಿಜವಾದ ಕೊರತೆ ಟೈಟರ್‌ನದು

ಲಸಿಕೆ ಪಡೆಯದವರಿಗೆ ಸೋಂಕಿತರ ರಕ್ತದ ಸೂಜಿ ಚುಚ್ಚಿದರೆ ಹೆಪಟೈಟಿಸ್ ಬಿ ಅಂಟುವ ಸಾಧ್ಯತೆ ಶೇ 6ರಿಂದ 30. ಎಚ್‌ಐವಿಗೆ ಇದೇ ಅಂಕಿ ಶೇ 0.3. ಆದರೂ ವಾರ್ಡುಗಳಲ್ಲಿ ಭಯವೆಲ್ಲ ಎಚ್‌ಐವಿಯ ಮೇಲೆ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಆರೋಗ್ಯ ಸಿಬ್ಬಂದಿಗೆ ಲಸಿಕೆ ಕೊಡುವ ವ್ಯವಸ್ಥೆ ಇದೆ, ಪಟ್ಟಿ 0-1-6. ಅದರಲ್ಲಿ ತಕರಾರಿಲ್ಲ. ವೈದ್ಯರು, ನರ್ಸುಗಳು ಮುಗಿದ ಮೇಲೆ ಉಳಿಯುವವರನ್ನು ನೋಡಿ: ಹಳದಿ ಚೀಲ ಎತ್ತುವವರು, ಲಾಂಡ್ರಿಯವರು, ಶವಾಗಾರದವರು. ಮುಚ್ಚದೆ ಬಿಟ್ಟ ಸೂಜಿ ಹೆಚ್ಚಾಗಿ ಚುಚ್ಚುವುದು ಅದನ್ನು ಬಳಸಿದವರಿಗಲ್ಲ, ಚೀಲ ಹಿಡಿದವರಿಗೆ.

ಮೂರು ಡೋಸ್ ಮುಗಿದ ಮೇಲಿನ ಟೈಟರ್ ಅನ್ನು ಮಾಡಿಸದಿರಲು ಕಾರಣ ದುಡ್ಡು. ಬಹಳಷ್ಟು ಖಾಸಗಿ ಲ್ಯಾಬುಗಳಲ್ಲಿ ಒಂದು ಡೋಸ್ ಲಸಿಕೆಗಿಂತ ಒಂದು ಟೈಟರ್ ದುಬಾರಿ. ಆದರೆ ಸೂಜಿ ಚುಚ್ಚಿದ ರಾತ್ರಿ ಎರಡು ಗಂಟೆಗೆ ಕೈಗೆ ಬರುವುದು ಅದೇ ಕಾಗದ. ಅದರಲ್ಲಿ 10ಕ್ಕಿಂತ ಹೆಚ್ಚು ಇದ್ದರೆ ಸೋಪು ನೀರಿನಲ್ಲಿ ತೊಳೆದು, ಹೆಪಟೈಟಿಸ್ ಬಿ ಮಟ್ಟಿಗೆ ನೆಮ್ಮದಿಯಿಂದ ಮಲಗಬಹುದು. ಇಲ್ಲದಿದ್ದರೆ ಆ ಹೊತ್ತಿನಲ್ಲಿ ಇಮ್ಯುನೋಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯದ ಚುಚ್ಚುಮದ್ದು) ಹುಡುಕಿಕೊಂಡು ಔಷಧದಂಗಡಿ ಸುತ್ತಬೇಕು, ಅದರ ಬೆಲೆ ಎಷ್ಟೋ ಟೈಟರ್‌ಗಳಷ್ಟು.

ಲ್ಯಾಬಿನ ಚೀಟಿಯನ್ನು ಹತ್ತಿರದಿಂದ ನೋಡುವುದು ಕಲಿಯಬೇಕು. 'ಎಚ್‌ಬಿಎಸ್‌ಎಜಿ ನಾನ್-ರಿಯಾಕ್ಟಿವ್' ಎಂದಿದ್ದರೆ ಸೋಂಕಿಲ್ಲ ಎಂದಷ್ಟೇ ಅರ್ಥ, ರಕ್ಷಣೆ ಇದೆ ಎಂದಲ್ಲ. ಬೇಕಾದದ್ದು 'ಆಂಟಿ-ಎಚ್‌ಬಿಎಸ್, ಕ್ವಾಂಟಿಟೇಟಿವ್', ಪಕ್ಕದಲ್ಲಿ ಒಂದು ಅಂಕಿ. ಕಾರ್ಡ್ ಪರೀಕ್ಷೆಯ ಎರಡು ಗೆರೆ ಈ ಕೆಲಸಕ್ಕೆ ಬಾರದು. ಲಸಿಕೆ ಹಾಕಿಸಿಕೊಂಡ ಸಾಕ್ಷಿಯಾಗಿ ಎಚ್‌ಬಿಎಸ್‌ಎಜಿ ಚೀಟಿಯನ್ನು ಸಿಬ್ಬಂದಿ ಫೈಲಿಗೆ ಪಿನ್ ಮಾಡಿಟ್ಟ ಆಸ್ಪತ್ರೆಗಳಿಗೆ ಕೊರತೆಯಿಲ್ಲ.

ಮಂಗಳೂರು ಕಡೆಯ ನರ್ಸಿಂಗ್ ಕಾಲೇಜುಗಳಿಂದ ಬ್ರಿಟನ್ನಿಗೆ ಹೋಗುವವರು ಒಂದು ವಿಷಯ ಗಮನಿಸಲಿ. ಅಲ್ಲಿ 100ಕ್ಕಿಂತ ಮೇಲಿದ್ದರೆ ತೃಪ್ತಿ. 10ರಿಂದ 100ರ ನಡುವೆ ಬಂದರೆ ಇನ್ನೊಂದು ಡೋಸ್ ಕೇಳುತ್ತಾರೆ. ಇಲ್ಲಿ 38 ಬಂದು 'ಪ್ರೊಟೆಕ್ಟೆಡ್' ಎಂದು ಮುದ್ರೆಯಾದ ಕಾಗದ ಅಲ್ಲಿ ಪ್ರಶ್ನೆಗೆ ಗುರಿಯಾಗುತ್ತದೆ. ವೀಸಾ ಕೆಲಸ ಶುರುವಾಗುವ ಮೊದಲೇ ಆ ಒಂದು ಡೋಸ್ ಇಲ್ಲೇ ಹಾಕಿಸಿಕೊಳ್ಳುವುದು ಸುಲಭ, ಅಗ್ಗ.

ಚಿಕ್ಕಂದಿನಲ್ಲಿ ಲಸಿಕೆ ಆಗಿದ್ದು ಈಗ ಟೈಟರ್ 10ಕ್ಕಿಂತ ಕೆಳಗೆ ಬಂದರೆ ಗಾಬರಿ ಬೇಡ. ಒಂದು ಡೋಸ್ ಕೊಟ್ಟು, ಒಂದೆರಡು ತಿಂಗಳ ನಂತರ ಮತ್ತೆ ನೋಡಿ. ಹೆಚ್ಚಿನವರಲ್ಲಿ ಅಂಕಿ ಜಿಗಿಯುತ್ತದೆ. ಜಿಗಿಯದಿದ್ದರೆ ಉಳಿದ ಎರಡನ್ನೂ ಕೊಟ್ಟು ಎರಡನೆಯ ಸರಣಿ ಪೂರ್ತಿ ಮಾಡಿ. ಎರಡು ಸರಣಿಯಾದರೂ 10 ದಾಟದವರಲ್ಲಿ ಎಚ್‌ಬಿಎಸ್‌ಎಜಿ ಮತ್ತು ಆಂಟಿ-ಎಚ್‌ಬಿಸಿ (ಸೋಂಕು ಎಂದಾದರೂ ತಗುಲಿತ್ತೇ ಎಂದು ಹೇಳುವ ಪರೀಕ್ಷೆ) ನೋಡಬೇಕು, ಸೋಂಕು ಮೊದಲೇ ಇದ್ದು ಲಸಿಕೆಯನ್ನು ದೂರುತ್ತಿರಬಹುದು. ಅದೂ ಇಲ್ಲದಿದ್ದರೆ ಅವರು ಲಸಿಕೆಗೆ ಸ್ಪಂದಿಸದವರು. ಸೋಂಕಿತರ ಸೂಜಿ ಚುಚ್ಚಿದರೆ ಅವರಿಗೆ ಇಮ್ಯುನೋಗ್ಲಾಬ್ಯುಲಿನ್ ಒಂದು ತಿಂಗಳ ಅಂತರದಲ್ಲಿ ಎರಡು ಸಲ.

ಇಮ್ಯುನೋಗ್ಲಾಬ್ಯುಲಿನ್ ಪ್ರಮಾಣದ ಬಗ್ಗೆ ಎಚ್ಚರಿಕೆ: ಅಮೆರಿಕದ ಪುಸ್ತಕಗಳಲ್ಲಿ ಕಿಲೋಗೆ 0.06 ಮಿಲಿ ಎಂದಿರುತ್ತದೆ. ಅದು ಅಲ್ಲಿನ ಬಾಟಲಿಯ ಸಾಂದ್ರತೆಗೆ ಹೊಂದಿಸಿದ್ದು. ಇಲ್ಲಿನ ಬಾಟಲಿಗಳ ಸಾಂದ್ರತೆ ಬೇರೆ, ಲೇಬಲ್ಲಿನ ಮೇಲಿನ ಯೂನಿಟ್ ಲೆಕ್ಕವನ್ನೇ ಹಿಡಿಯಿರಿ. ಲಸಿಕೆ ಪಡೆಯದವರಿಗೆ ಇದನ್ನು 24 ಗಂಟೆಯೊಳಗೆ, ಲಸಿಕೆಯ ಮೊದಲ ಡೋಸಿನ ಜೊತೆಗೇ, ಆದರೆ ಬೇರೆ ಜಾಗಕ್ಕೆ ಕೊಡಬೇಕು. ಏಳು ದಿನ ಕಳೆದ ಮೇಲೆ ಕೊಟ್ಟರೆ ಪ್ರಯೋಜನ ಅನುಮಾನ. ಇದನ್ನು ಪಡೆದವರ ಟೈಟರ್ ಆರು ತಿಂಗಳವರೆಗೆ ನಂಬಬೇಡಿ, ಕಾಣುವುದು ಎರವಲು ಪ್ರತಿಕಾಯ.

ಪಟ್ಟಿ ಸರಿಯಿದ್ದೂ ಕೆಡುವುದು ಎಲ್ಲಿ

ಪೃಷ್ಠಕ್ಕೆ ಚುಚ್ಚುವುದರಲ್ಲಿ. ಅಲ್ಲಿ ಮದ್ದು ಸ್ನಾಯು ತಲುಪದೆ ಕೊಬ್ಬಿನಲ್ಲಿ ಉಳಿದು ಸ್ಪಂದನೆ ಇಳಿಯುತ್ತದೆ. ದೊಡ್ಡವರಿಗೆ ತೋಳಿನ ಡೆಲ್ಟಾಯ್ಡ್, ಒಂದಿಂಚಿನ ಸೂಜಿ, ತೂಕ ತುಂಬಾ ಹೆಚ್ಚಿರುವವರಿಗೆ ಒಂದೂವರೆ ಇಂಚಿನದು. ಶಿಶುಗಳಿಗೆ ತೊಡೆಯ ಹೊರಬದಿ.

ಎರಡನೆಯದು ಫ್ರಿಜ್. ಈ ಲಸಿಕೆ ಬಿಸಿಗೆ ಅಷ್ಟಾಗಿ ಹೆದರುವುದಿಲ್ಲ, ಹೆದರುವುದು ಮಂಜಿಗೆ. ಮೈನಸ್ ಅರ್ಧ ಡಿಗ್ರಿಯ ಆಸುಪಾಸಿಗೇ ಹೆಪ್ಪುಗಟ್ಟುತ್ತದೆ, ಕರಗಿದ ಮೇಲೆ ನೋಡಲು ಮೊದಲಿನಂತೆಯೇ ಇದ್ದರೂ ಶಕ್ತಿ ಹೋಗಿರುತ್ತದೆ. ಕ್ಲಿನಿಕ್ಕಿನ ಮನೆಬಳಕೆಯ ಫ್ರಿಜ್‌ನಲ್ಲಿ ಫ್ರೀಜರಿನ ಕೆಳಗಿನ ತಟ್ಟೆಯಲ್ಲಿ, ಸರ್ಕಾರಿ ಐಎಲ್‌ಆರ್ (ಒಳಗೋಡೆಗೆ ಮಂಜಿನ ಪದರವಿರುವ ಲಸಿಕೆ ಫ್ರಿಜ್) ಪೆಟ್ಟಿಗೆಯ ತಳದಲ್ಲಿ ಇಡುವುದು ಅಪಾಯ. ಐಸ್‌ಪ್ಯಾಕ್ ಫ್ರೀಜರಿನಿಂದ ತೆಗೆದೊಡನೆ ಕ್ಯಾರಿಯರಿಗೆ ತುಂಬಬಾರದು, ಅಲ್ಲಾಡಿಸಿದರೆ ಒಳಗೆ ನೀರು ಸದ್ದು ಮಾಡುವವರೆಗೆ ಹೊರಗಿಡಬೇಕು. ಅನುಮಾನ ಬಂದರೆ ಅದೇ ಬ್ಯಾಚಿನ ಒಂದು ಬಾಟಲಿಯನ್ನು ಬೇಕೆಂದೇ ಹೆಪ್ಪುಗಟ್ಟಿಸಿ ಕರಗಿಸಿ, ಅನುಮಾನದ ಬಾಟಲಿಯ ಜೊತೆ ಹತ್ತು ಹದಿನೈದು ಸೆಕೆಂಡು ಕುಲುಕಿ ಪಕ್ಕಪಕ್ಕ ನಿಲ್ಲಿಸಿ. ಹೆಪ್ಪುಗಟ್ಟಿದ್ದರಲ್ಲಿ ಬಿಳಿ ಚೂರುಗಳು ಬೇಗ ತಳ ಸೇರಿ ಮೇಲೆ ತಿಳಿನೀರು ಉಳಿಯುತ್ತದೆ. ಅನುಮಾನದ್ದೂ ಅಷ್ಟೇ ಬೇಗ ತಿಳಿಯಾದರೆ ಚೆಲ್ಲಿ. ಚೆನ್ನಾಗಿರುವುದು ಹಾಲುಬಿಳಿಯಾಗಿ ಬಹಳ ಹೊತ್ತು ನಿಲ್ಲುತ್ತದೆ.

ಸರ್ಕಾರಿ ಲಸಿಕಾ ಕಾರ್ಯಕ್ರಮದಲ್ಲಿ ತೆರೆದ ಬಹುಡೋಸ್ ಬಾಟಲಿಯನ್ನು, ಶೀತಸರಪಳಿ ಸರಿಯಿದ್ದು ತೆರೆದ ದಿನಾಂಕ ಬರೆದಿದ್ದರೆ, ನಾಲ್ಕು ವಾರ ಬಳಸಬಹುದು. ದಿನಾಂಕವಿಲ್ಲದ ತೆರೆದ ಬಾಟಲಿ ಎಷ್ಟೇ ತುಂಬಿದ್ದರೂ ಕಸಕ್ಕೆ.

ಕೊನೆಯದಾಗಿ, ಎಲ್ಲಕ್ಕಿಂತ ಬಿಗಿಯಾದ ವೇಳಾಪಟ್ಟಿ ನವಜಾತ ಶಿಶುವಿನದು. ಹುಟ್ಟುವಾಗ ಸೋಂಕು ತಗುಲಿದ ಮಕ್ಕಳಲ್ಲಿ ಹತ್ತರಲ್ಲಿ ಒಂಬತ್ತು ಮಂದಿಗೆ ಅದು ಜೀವನಪೂರ್ತಿ ಉಳಿಯುತ್ತದೆ. ದೊಡ್ಡವರಾದ ಮೇಲೆ ತಗುಲಿದರೆ ಹಾಗೆ ಉಳಿಯುವುದು ನೂರಕ್ಕೆ ಐವರಿಗೆ ಮಾತ್ರ. ಹಾಗಾಗಿ ಇಲ್ಲಿ ಲೆಕ್ಕ ಗಂಟೆಗಳಲ್ಲಿ. ಹುಟ್ಟಿದ 24 ಗಂಟೆಯೊಳಗೆ ಅರ್ಧ ಮಿಲಿಯ ಜನನ ಡೋಸ್, ನಂತರ 6, 10, 14ನೆಯ ವಾರಕ್ಕೆ ಪೆಂಟಾವೇಲೆಂಟ್ (ಐದು ಕಾಯಿಲೆಗಳಿಗೆ ಒಂದೇ ಲಸಿಕೆ) ಮೂಲಕ ಮೂರು. ಜನನ ಡೋಸಿಗೆ ಹೆಪಟೈಟಿಸ್ ಬಿ ಒಂದೇ ಇರುವ ಲಸಿಕೆ ಬೇಕು, ಪೆಂಟಾವನ್ನು ಆರು ವಾರಕ್ಕೆ ಮುಂಚೆ ಕೊಡುವಂತಿಲ್ಲ. ತಾಯಿಗೆ ಸೋಂಕಿದ್ದರೆ ಮಗುವಿನ ಇನ್ನೊಂದು ತೊಡೆಗೆ 100 ಯೂನಿಟ್ ಇಮ್ಯುನೋಗ್ಲಾಬ್ಯುಲಿನ್, ಹನ್ನೆರಡು ಗಂಟೆಯೊಳಗಾದರೆ ಉತ್ತಮ. ಎದೆಹಾಲು ನಿಲ್ಲಿಸಬೇಕಿಲ್ಲ. ಭಾನುವಾರ ಅಥವಾ ಹಬ್ಬದ ದಿನ ಹುಟ್ಟಿದ ಮಕ್ಕಳಿಗೆ ಜನನ ಡೋಸ್ ತಪ್ಪುವುದು ಹೆಚ್ಚು, ಏಕೆಂದರೆ ಲಸಿಕೆ ಇರುವ ಕೋಣೆಗೆ ಬೀಗ. ಹೆರಿಗೆ ವಾರ್ಡಿನ ಫ್ರಿಜ್‌ನಲ್ಲೇ ನಾಲ್ಕಾರು ಬಾಟಲಿ ಇಟ್ಟು, ಕೀಲಿಯನ್ನು ರಾತ್ರಿ ಪಾಳಿಯ ನರ್ಸ್ ಕೈಗೆ ಕೊಟ್ಟ ಕಡೆ ಈ ತೊಂದರೆ ಇರುವುದಿಲ್ಲ. ಸೋಂಕಿತ ತಾಯಿಯ ಮಗುವಿಗೆ 9ರಿಂದ 12ನೆಯ ತಿಂಗಳ ನಡುವೆ ಎಚ್‌ಬಿಎಸ್‌ಎಜಿ ಮತ್ತು ಟೈಟರ್ ಎರಡನ್ನೂ ನೋಡಬೇಕು. ದಡಾರದ ಚುಚ್ಚುಮದ್ದಿಗೆ ಒಂಬತ್ತನೆಯ ತಿಂಗಳಲ್ಲಿ ಹೇಗೂ ಬರುತ್ತಾರೆ, ತಾಯಿ ಕಾರ್ಡಿನಲ್ಲಿ ಅದೇ ದಿನಾಂಕದ ಪಕ್ಕ ರಕ್ತಪರೀಕ್ಷೆ ಎಂದು ಕೆಂಪು ಶಾಯಿಯಲ್ಲಿ ಬರೆದಿಡಿ.